ರಾಗಿಯ ಲಕ್ಷ್ಮಣಯ್ಯನವರ ಚರಿತ್ರೆ

ಸಮುದ್ರಕ್ಕೂ ಸ್ವರ್ಣಾ ನದಿಗೂ ನಡುವೆ ಇರುವ ನಮ್ಮ ಹೂಡೆಯಂಥ ಊರುಗಳಲ್ಲಿ ನಿತ್ಯದ ಊಟವು ಕುಚ್ಚಲಕ್ಕಿಯ ಗಂಜಿಯೇ. ಆದರೂ ಎಳೆಗೂಸಿಗೆ ರಾಗಿಯ ಮಣ್ಣಿಯನ್ನು ಉಣಿಸದ ತಾಯಿ ನಮ್ಮಲ್ಲಿ ಅಪರೂಪ. ಘಟ್ಟದ ಮೇಲಣ ಬಯಲುಸೀಮೆಯಲ್ಲಿಯಾದರೋ ಬಡವನ ಬಲವೆಲ್ಲಾ ಈ ಚಿಕ್ಕ ಕಾಳಿನಲ್ಲಿದೆ. ಆ ಕಾಳಿಗಾಗಿ ತಮ್ಮ ಆಯುಷ್ಯವನ್ನು ವೆಚ್ಚಮಾಡಿದ ಒಬ್ಬರ ಚರಿತ್ರೆಯನ್ನು ಈ ತಿಂಗಳು ಹೇಳುವೆವು.

ಲಕ್ಷ್ಮಣಯ್ಯನವರು 1921ನೆಯ ಇಸವಿಯಲ್ಲಿ ಮೈಸೂರಿಗೆ ಸೇರಿದ ಹಾರೋಹಳ್ಳಿಯಲ್ಲಿ ಹುಟ್ಟಿದರು. ಪ್ರಾಯಕ್ಕೆ ಬಂದಮೇಲೆ ಬೆಳೆಗಳ ಸುಧಾರಣೆಯ ಕೆಲಸಕ್ಕೆ ಸೇರಿ, ವಿ. ಸಿ. ಫಾರಂ ಎಂದು ಹೆಸರುಗೊಂಡ ಮಂಡ್ಯದ ವ್ಯವಸಾಯ ಕ್ಷೇತ್ರದಲ್ಲಿ ಬಹು ವರುಷ ರಾಗಿಯ ಪೈರುಗಳ ನಡುವೆ ಜೀವಿಸಿದರು. ಭತ್ತ ಗೋಧಿಗಳಿಗೆ ದೊರೆತ ಮರ್ಯಾದೆಯು ರಾಗಿಗೆ ದೊರೆಯದ ಕಾಲವದು. ಮಳೆಯನ್ನೇ ನಂಬಿದ ಕೆಂಪು ನೆಲದ ರೈತನು ಅಜ್ಜನ ಕಾಲದ ಬೀಜವನ್ನೇ ಬಿತ್ತಿ, ಅಜ್ಜನಷ್ಟೇ ಕೊಯ್ಯುತ್ತಿದ್ದನು. ಉಣ್ಣುವ ಬಾಯಿಗಳಾದರೋ ಹೆಚ್ಚುತ್ತಿದ್ದವು.

ಬೀಜವು ಸುಧಾರಿಸದೆ ಇದ್ದದ್ದಕ್ಕೆ ಕಾರಣವೇನು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿಯೊಂದು ಜೀವಿಯ ದೇಹವು ಕಣ್ಣಿಗೆ ಕಾಣದ ಜೀವಕಣಗಳಿಂದ ಕಟ್ಟಲ್ಪಟ್ಟಿದೆ. ಆ ಕಣದೊಳಗೆ ವರ್ಣತಂತುಗಳೆಂಬ ಸೂಕ್ಷ್ಮವಾದ ಎಳೆಗಳಿವೆ. ತಂದೆತಾಯಿಗಳ ಗುಣಗಳು ಮಕ್ಕಳಿಗೆ ಇಳಿಯುವದು ಇವುಗಳ ಮೂಲಕವೇ. ಮನುಷ್ಯರಲ್ಲಿ ಅವು 46, ರಾಗಿಯಲ್ಲಿ 36. ಹೂವಿನಲ್ಲಿ ಪರಾಗವೂ ಅಂಡವೂ ಹುಟ್ಟುವ ಸಮಯದಲ್ಲಿ ಈ 36 ಎಳೆಗಳು 18 ಜೋಡಿಗಳಾಗಿ ಕೂಡಿ, ತಮ್ಮ ತುಂಡುಗಳನ್ನು ಒಂದಕ್ಕೊಂದು ಕೊಟ್ಟು ಕೊಂಡು, ಬಳಿಕ ಅಗಲುವವು. ಹೀಗೆ ಪರಾಗಕ್ಕೆ 18, ಅಂಡಕ್ಕೆ 18 ಮಾತ್ರ ದೊರೆಯುವವು. ಎರಡೂ ಕೂಡಿದಾಗ ಪುನಃ 36 ಆಗುವವು. ಪ್ರತಿ ಜೋಡಿಯಿಂದ ಯಾವ ಎಳೆಯು ಯಾವ ಕಡೆಗೆ ಹೋಗುವದೆಂದು ಯಾರೂ ಮುಂದಾಗಿ ಹೇಳಲಾರರು. ತುಂಡುಗಳ ವಿನಿಮಯವನ್ನು ಲೆಕ್ಕಿಸದೆ ಹೋದರೂ, 18 ಜೋಡಿಗಳು 2,62,144 ವಿಧವಾಗಿ ಹಂಚಲ್ಪಡಬಲ್ಲವು. ಒಂದೇ ಮನೆಯ ಅಣ್ಣತಮ್ಮಂದಿರು ಒಬ್ಬರಂತೊಬ್ಬರು ಇಲ್ಲದಿರುವದೂ ಈ ಕಾರಣದಿಂದಲೇ.

ಆದರೆ ರಾಗಿಯ ಹೂವು ಬಹು ಸಣ್ಣದು. ಅದು ತನ್ನ ಪರಾಗವನ್ನೇ ತಾನು ಸ್ವೀಕರಿಸುವದು. ತಲತಲಾಂತರದಿಂದ ಹೀಗೆ ನಡೆದದ್ದರಿಂದ ಜೋಡಿಯ ಎರಡು ಎಳೆಗಳೂ ಒಂದೇ ತೆರನಾಗಿರುವವು. ಸಮಾನವಾದವುಗಳನ್ನು ಎಷ್ಟು ಕಲಸಿದರೂ ಹೊಸದೇನು ಹುಟ್ಟೀತು? ಹೊಸದು ಬೇಕಾದರೆ ಒಂದು ತಳಿಯ ಹೂವಿಗೆ ಬೇರೆ ತಳಿಯ ಪರಾಗವನ್ನು ಮುಟ್ಟಿಸಬೇಕು. ಅಷ್ಟು ಸಣ್ಣ ಹೂವಿನಿಂದ ಕೇಸರಗಳನ್ನು ಕೀಳುವದು ಬಹು ಪ್ರಯಾಸ. ಈ ಕೆಲಸದವರು ಎರಡು ತಳಿಗಳ ತೆನೆಗಳನ್ನು ಒಟ್ಟಿಗೆ ಕಟ್ಟಿ, ಹುಟ್ಟಿದ ಸಾವಿರಾರು ಸಸಿಗಳಲ್ಲಿ ನಿಜವಾಗಿ ಕೂಡಿದ ಕೆಲವನ್ನು ಹುಡುಕಬೇಕಾಗುವದು. ಆ ಮೇಲೆ ಅವುಗಳ ಸಂತಾನದಲ್ಲಿ ನಾನಾ ವಿಧದ ಗಿಡಗಳು ಕಾಣಿಸಲು, ಒಳ್ಳೇದನ್ನು ಆರಿಸಿ, ಗುಣವು ಸ್ಥಿರವಾಗುವ ತನಕ ವರುಷ ವರುಷವೂ ಬಿತ್ತಬೇಕು.

ಲಕ್ಷ್ಮಣಯ್ಯನವರು ಈ ಪ್ರಯಾಸಕ್ಕೆ ಹಿಂಜರಿಯಲಿಲ್ಲ. ಮೊದಲು ನಮ್ಮ ದೇಶದ ತಳಿಗಳನ್ನೇ ಕೂಡಿಸಿದರು; ಅನ್ನಪೂರ್ಣ, ಕಾವೇರಿ, ಶಕ್ತಿ ಮುಂತಾದವು ರೈತರಿಗೆ ದೊರೆತವು. 1965ರಲ್ಲಿಯೂ 1966ರಲ್ಲಿಯೂ ಮಳೆ ತಪ್ಪಿ ದೇಶವು ಆಹಾರಕ್ಕಾಗಿ ಸಂಕಟಪಟ್ಟದ್ದನ್ನು ಹಿರಿಯರು ಬಲ್ಲರು. ಇವರಾದರೋ ಅಷ್ಟಕ್ಕೇ ತೃಪ್ತರಾಗದೆ ಆಫ್ರಿಕಾ ಖಂಡದ ರಾಗಿಯ ಕಡೆಗೆ ತಿರುಗಿದರು. ರಾಗಿಯ ಮೂಲಸ್ಥಾನವು ಆ ಖಂಡವೇ; ಸಾವಿರಾರು ವರುಷಗಳ ಹಿಂದೆ ಅದು ಸಮುದ್ರ ದಾಟಿ ನಮ್ಮಲ್ಲಿಗೆ ಬಂತು. ಅಲ್ಲಿಯದು ದಪ್ಪ ಕಾಂಡವೂ ದೊಡ್ಡ ತೆನೆಯೂ ಉಳ್ಳದ್ದು, ಆದರೆ ತಡವಾಗಿ ಮಾಗುವದು. ನಮ್ಮದು ನಮ್ಮ ಮಳೆಗೂ ಮಣ್ಣಿಗೂ ಒಗ್ಗಿದ್ದು. ಬಹುಕಾಲ ಅಗಲಿದ್ದ ಈ ಬಂಧುಗಳನ್ನು ಇವರು ಕೂಡಿಸಿದರು. ಇಂಡಿಯಾ, ಆಫ್ರಿಕಾ ಎಂಬ ಎರಡು ಹೆಸರುಗಳಿಂದ ಇಂಡಾಫ್ ಎಂಬ ಹೆಸರಾಯಿತು. 1970ರ ದಶಕದಿಂದ ಇಂಡಾಫ್ ತಳಿಗಳು ಹೊಲಗಳಿಗೆ ಇಳಿದು, ಅದೇ ನೆಲದಲ್ಲಿ ಹೆಚ್ಚು ಫಲ ಕೊಟ್ಟವು. ಜನರು ಪ್ರೀತಿಯಿಂದ ಇವರಿಗೆ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಿಟ್ಟರು. 1993ರಲ್ಲಿ ಇವರು ತೀರಿಹೋದರು.

ಇವರು ಬೋಧಕರಲ್ಲ, ಮಿಶನಿನ ಸೇವಕರೂ ಅಲ್ಲ. ಆದರೂ ಹಸಿದವನಿಗೆ ಅನ್ನವಾಗುವ ಕೆಲಸವನ್ನು ದೇವರು ಅನೇಕರ ಕೈಯಿಂದ ಮಾಡಿಸುವನು. ಅದನ್ನು ಕೃತಜ್ಞತೆಯಿಂದ ನೆನಸುವದು ನಮ್ಮ ಕರ್ತವ್ಯ. ಇದರಲ್ಲಿ ನಮಗೆ ಒಂದು ಬುದ್ಧಿಮಾತೂ ಇದೆ. ಒಂದೇ ಕರ್ತನ ಮೇಜಿನಲ್ಲಿ ಕೂಡುವ ನಮ್ಮ ಸಭೆಗಳಲ್ಲಿ ಕೆಲವರು ಇನ್ನೂ ಪೂರ್ವದ ಜಾತಿಯನ್ನು ಮರೆಯದೆ, ಮಗಳಿಗೆ ವರನನ್ನು ನೋಡುವಾಗ ಮೊದಲು ಅವನ ಅಜ್ಜನು ಯಾವ ಕೇರಿಯವನೆಂದು ವಿಚಾರಿಸುವದುಂಟು. ಗುಣವನ್ನೂ ಭಕ್ತಿಯನ್ನೂ ಬಿಟ್ಟು ಕೇರಿಯನ್ನು ತೂಗುವದು ಸರಿಯೋ? ತನ್ನಲ್ಲಿಯೇ ಮುಚ್ಚಿಕೊಂಡ ಹೂವು ಅಜ್ಜನ ಕಾಲದ ಕಾಳನ್ನೇ ಕೊಟ್ಟಿತು. ಕಡಲಾಚೆಯ ಬಂಧುವಿನೊಂದಿಗೆ ಕೂಡಿದ ಹೂವು ಬಡವನ ಕಣಜವನ್ನು ತುಂಬಿಸಿತು. ಸೃಷ್ಟಿಕರ್ತನು ಇಷ್ಟು ಸಣ್ಣ ಕಾಳಿನಲ್ಲಿ ಬರೆದಿಟ್ಟ ಈ ಪಾಠವನ್ನು ಸಹೋದರ ಸಹೋದರಿಯರು ತಮ್ಮ ಮನೆಗಳಲ್ಲಿ ಆಲೋಚಿಸುವರೆಂದು ಆಶಿಸುತ್ತೇವೆ.