ತಿದ್ದಲು ಕಲಿಸಿದ ಗುರು

ಕ್ರಿ.ಶ. 35ರ ಸುಮಾರಿಗೆ ಸ್ಪೇನಿನಲ್ಲಿ ಹುಟ್ಟಿದ ಕ್ವಿಂಟಿಲಿಯನ್ ರೋಮ್ ನಗರದಲ್ಲಿ ಇಪ್ಪತ್ತು ವರ್ಷ ವಾಗ್ಮಿತೆಯನ್ನು ಬೋಧಿಸಿದನು. ಚಕ್ರವರ್ತಿ ವೆಸ್ಪೇಸಿಯನ್ನನ ಬೊಕ್ಕಸದಿಂದ ವೇತನ ಪಡೆದ ಈ ಗುರು ಮಕ್ಕಳನ್ನು ಹೊಡೆದು ಕಲಿಸುವುದನ್ನು ಖಂಡಿಸಿದನು. ಬರವಣಿಗೆಯಲ್ಲಿ ಮೊದಲು ಎಚ್ಚರ, ಆಮೇಲೆ ವೇಗ ಎಂಬುದು ಅವನ ಕ್ರಮ. ಅಳಿಸಲು ಸುಲಭವಾದ ಮೇಣದ ಹಲಗೆಯ ಮೇಲೆ ಬರೆಯಬೇಕು. ಬರೆದುದನ್ನು ಕೆಲಕಾಲ ಬದಿಗಿಟ್ಟು, ಅನ್ಯರ ಬರಹವೆಂಬಂತೆ ಓದಿ ತಿದ್ದಬೇಕು. ತಿದ್ದುವುದಕ್ಕೂ ಒಂದು ಕೊನೆಯಿರಬೇಕು. ಪರೀಕ್ಷೆಯ ಪ್ರಬಂಧಕ್ಕೆ ಸಿದ್ಧರಾಗುವ ಇಂದಿನ ವಿದ್ಯಾರ್ಥಿಗಳಿಗೂ ಈ ಅಭ್ಯಾಸವೇ ದಾರಿ.

ನಿವೃತ್ತನಾದ ಮೇಲೆ ಅವನು ತನ್ನ ಅನುಭವವನ್ನೆಲ್ಲ ಹನ್ನೆರಡು ಭಾಗಗಳ ಗ್ರಂಥವಾಗಿ ಬರೆಯತೊಡಗಿದನು. ಅದನ್ನು ಮಗನಿಗೆ ಬಿಟ್ಟುಹೋಗುವ ಆಸೆಯಿತ್ತು. ಮಡದಿಯೂ ಕಿರಿಯ ಮಗನೂ ಮೊದಲೇ ತೀರಿಕೊಂಡಿದ್ದರು. ಗ್ರಂಥ ಮುಗಿಯುವ ಮುನ್ನವೇ ಹಿರಿಯ ಬಾಲಕನೂ ಇಲ್ಲವಾದನು. ಆದರೂ ಅವನು ಬರೆದು ಮುಗಿಸಿದನು. ಮಗನ ಪಾಲಿನದು ಊರ ಮಕ್ಕಳೆಲ್ಲರ ಪಾಲಾಯಿತು.