ಬೇರಿನ ಸುತ್ತಲ ಮಣ್ಣಿಗೆ ಹೆಸರಿಟ್ಟ ಹಿಲ್ಟ್‌ನರ್

ಮಕ್ಕಳೇ, ಶೇಂಗಾ ಗಿಡವನ್ನು ಕಿತ್ತು ನೋಡಿದ್ದೀರಾ? ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳಿರುತ್ತವೆ. ಬೇರಿಗೆ ಅಂಟಿದ ಮಣ್ಣನ್ನು ನಾವು ಕೊಡವಿ ಎಸೆಯುತ್ತೇವೆ. ಆ ಮಣ್ಣಿಗೂ ಒಂದು ಹೆಸರಿದೆ. ಹೆಸರಿಟ್ಟವರು ಜರ್ಮನಿಯ ವಿಜ್ಞಾನಿ ಲೊರೆಂಟ್ಸ್ ಹಿಲ್ಟ್‌ನರ್.

ಹಿಲ್ಟ್‌ನರ್ 1862ರಲ್ಲಿ ಬವೇರಿಯಾದಲ್ಲಿ ಜನಿಸಿದರು. ಥರಾಂಟ್ ಎಂಬ ಊರಿನಲ್ಲಿ ಫ್ರೆಡರಿಕ್ ನೊಬ್ಬೆ ಎಂಬ ವಿಜ್ಞಾನಿಯೊಡನೆ ಕೆಲಸ ಮಾಡಿದರು. ದ್ವಿದಳ ಸಸ್ಯಗಳ ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ ಎಂಬುದು ಆಗ ಹೊಸದಾಗಿ ತಿಳಿದಿತ್ತು. ಈ ಬ್ಯಾಕ್ಟೀರಿಯಗಳನ್ನು ಬೆಳೆಸಿ ರೈತರಿಗೆ ಕೊಟ್ಟರೆ ಹೇಗೆ? 1896ರಲ್ಲಿ ಇಬ್ಬರೂ ಅದಕ್ಕೆ ಪೇಟೆಂಟ್ ಪಡೆದರು.

ಆದರೆ ಫಲಿತಾಂಶ ಎಲ್ಲ ಹೊಲಗಳಲ್ಲೂ ಒಂದೇ ರೀತಿ ಬರಲಿಲ್ಲ. ಕೆಲವೆಡೆ ಬೆಳೆ ಚೆನ್ನಾಗಿ ಬಂತು, ಕೆಲವೆಡೆ ಏನೂ ಪ್ರಯೋಜನವಾಗಲಿಲ್ಲ. ಹಿಲ್ಟ್‌ನರ್ ಕೆಲಸ ಕೈಬಿಡಲಿಲ್ಲ. 1902ರಲ್ಲಿ ಮ್ಯೂನಿಕ್‌ಗೆ ಹೋದ ಮೇಲೂ ಬೇರು, ಮಣ್ಣು, ಸೂಕ್ಷ್ಮಜೀವಿ ಮೂರನ್ನೂ ಒಟ್ಟಿಗೆ ಅಭ್ಯಾಸ ಮಾಡಿದರು. ಬೇರಿನ ಪ್ರಭಾವಕ್ಕೆ ಒಳಗಾದ ಮಣ್ಣನ್ನು 1904ರಲ್ಲಿ 'ರೈಜೋಸ್ಫಿಯರ್' ಎಂದು ಕರೆದರು. ಗ್ರೀಕ್ ಭಾಷೆಯಲ್ಲಿ 'ರೈಜ' ಎಂದರೆ ಬೇರು. ಗಿಡದ ಆರೋಗ್ಯ ಅಲ್ಲಿನ ಸೂಕ್ಷ್ಮಜೀವಿಗಳನ್ನು ಅವಲಂಬಿಸಿದೆ ಎಂದು ಅವರು ತಿಳಿಸಿದರು. 1923ರಲ್ಲಿ ನಿಧನರಾದರು.

ಅವರ ನಂತರ ಇನ್ನೊಂದು ಸೋಜಿಗ ತಿಳಿಯಿತು. ಮಣ್ಣಿನೊಳಗೆ ಸದಾ ಕತ್ತಲೆ. ಆದರೂ ಬೇರಿನ ಸುತ್ತಲ ಸೂಕ್ಷ್ಮಜೀವಿಗಳಿಗೆ ಹಗಲು ರಾತ್ರಿಯ ವ್ಯತ್ಯಾಸ ತಟ್ಟುತ್ತದೆ! ಹೇಗೆ ಗೊತ್ತೇ? ಹಗಲಿನಲ್ಲಿ ಎಲೆಗಳು ದ್ಯುತಿಸಂಶ್ಲೇಷಣೆಯಿಂದ ಸಕ್ಕರೆ ತಯಾರಿಸುತ್ತವೆ. ಅದರಲ್ಲಿ ಒಂದು ಪಾಲು ಬೇರಿಗೆ ಇಳಿದು ಮಣ್ಣಿಗೆ ಸೋರುತ್ತದೆ. ಅದೇ ಸೂಕ್ಷ್ಮಜೀವಿಗಳ ಊಟ. ರಾತ್ರಿ ಎಲೆಯ ಅಡುಗೆ ನಿಲ್ಲುತ್ತದೆ, ಬೇರಿನಿಂದ ಸೋರುವ ಪದಾರ್ಥಗಳೂ ಬದಲಾಗುತ್ತವೆ. ಆದ್ದರಿಂದ ಕೆಲವು ಸೂಕ್ಷ್ಮಜೀವಿಗಳು ಹಗಲು ಹೆಚ್ಚಿದರೆ, ಕೆಲವು ರಾತ್ರಿ ಹೆಚ್ಚುತ್ತವೆ. ಗಿಡದೊಳಗೆ ಹೊತ್ತು ತಿಳಿಸುವ ಜೈವಿಕ ಗಡಿಯಾರವೂ ಇದೆ. ಅದು ಕೆಟ್ಟ ಗಿಡಗಳ ಬೇರಿನ ಬಳಿ ಸೂಕ್ಷ್ಮಜೀವಿಗಳ ಗುಂಪೂ ಬೇರೆಯಾಗಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ.

ನಮ್ಮ ರೈತರು ತೊಗರಿ, ಶೇಂಗಾ ಬೀಜಗಳಿಗೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಪುಡಿ ಕಲಸಿ ಲೇಪಿಸುವುದನ್ನು ನೋಡಿರಬಹುದು. ಅದು ಹಿಲ್ಟ್‌ನರ್ ಹಾಕಿಕೊಟ್ಟ ದಾರಿ. ಮುಂದಿನ ಸಲ ಗಿಡ ಕಿತ್ತಾಗ ಮಣ್ಣು ಕೊಡವುವ ಮೊದಲು ಒಮ್ಮೆ ಗಮನವಿಟ್ಟು ನೋಡಿ. ಒಂದು ಬೇರುಗಂಟನ್ನು ಸೀಳಿ. ಒಳಗೆ ನಸುಗೆಂಪು ಬಣ್ಣ ಕಂಡರೆ ಬ್ಯಾಕ್ಟೀರಿಯಗಳು ಕೆಲಸದಲ್ಲಿವೆ ಎಂದು ತಿಳಿಯಿರಿ.