ನಿರ್ವಾತದ ಬೆನ್ನು ಹತ್ತಿದ ಮೇಯರ್: ಆಟೋ ಫಾನ್ ಗೆರಿಕೆ

ಲೇತ್ ಯಂತ್ರದಲ್ಲಿ ಮರ ಕಡೆಯುವುದನ್ನು ನೀವು ನೋಡಿದ್ದೀರಾ? ಚನ್ನಪಟ್ಟಣದ ಕಡೆಯ ಮಕ್ಕಳು ನೋಡಿರುತ್ತಾರೆ. ಆಲೆ ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಅದಕ್ಕೆ ಉಳಿ ತಾಗಿಸಿದರೆ ಹೊಟ್ಟು ಹಾರಿ, ಬುಗುರಿಯೋ ಬೊಂಬೆಯೋ ಮೂಡುತ್ತದೆ. ತಿರುಗುವ ಮರವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಭಾಗಕ್ಕೆ ಚಕ್ ಎಂದು ಹೆಸರು. ಬುಗುರಿಯಂಥ ಚಿಕ್ಕ ವಸ್ತುವನ್ನು ಹಿಡಿಯುವುದು ಸುಲಭ. ಅಗಲವಾದ ಬಟ್ಟಲಿನ ವಿಷಯ ಹಾಗಲ್ಲ. ಹೊರಮೈ ಕಡೆದಾಯಿತು, ಒಳಗೂ ಕೊರೆದಾಯಿತು ಎನ್ನಿ. ಇನ್ನು ಉಳಿದಿರುವುದು ಇಷ್ಟು ಹೊತ್ತು ಚಕ್ ಹಿಡಿದಿದ್ದ ತಳದ ಭಾಗ. ಅದನ್ನೂ ಕಡೆದು ನುಣುಪು ಮಾಡಬೇಕು. ಹಾಗಾದರೆ ಈಗ ಬಟ್ಟಲನ್ನು ಎಲ್ಲಿ ಹಿಡಿಯುವುದು? ತೆಳುವಾದ ಅಂಚನ್ನು ಲೋಹದ ಹಲ್ಲುಗಳಿಂದ ಕಚ್ಚಿ ಹಿಡಿದರೆ ಅದು ಸೀಳಬಹುದು. ತಿರುಪು ಹಾಕಿದರೆ ತೂತು ಉಳಿಯುತ್ತದೆ.

ಇದಕ್ಕೆ ಮರ ಕಡೆಯುವವರು ಬಳಸುವ ಒಂದು ಉಪಾಯ ನಿರ್ವಾತ ಚಕ್. ಲೇತಿಗೆ ಒಂದು ಟೊಳ್ಳು ಬಟ್ಟಲನ್ನು ಕೂಡಿಸುತ್ತಾರೆ. ಅದರ ಬಾಯಿಯ ಸುತ್ತ ಮೆತ್ತನೆಯ ರಬ್ಬರ್ ಉಂಗುರ ಅಂಟಿಸಿರುತ್ತಾರೆ. ಮರದ ಬಟ್ಟಲಿನ ಒಳಮೈ ಆ ಉಂಗುರಕ್ಕೆ ತಾಗುವಂತೆ, ತಳ ಹೊರಗೆ ಬರುವಂತೆ ಇಟ್ಟು, ನಡುವೆ ಸಿಕ್ಕಿದ ಗಾಳಿಯನ್ನು ಪಂಪಿನಿಂದ ತೆಗೆಯುತ್ತಾರೆ. ಅಂಟಿಲ್ಲ, ಮೊಳೆಯಿಲ್ಲ, ಆದರೂ ಬಟ್ಟಲು ಕದಲುವುದಿಲ್ಲ. ಅದನ್ನು ಹಿಡಿದವರಾರು? ಒಳಗಿನ ನಿರ್ವಾತ ಎಳೆದುಕೊಂಡಿದೆ ಎಂದು ಮಕ್ಕಳು ಹೇಳುತ್ತಾರೆ, ದೊಡ್ಡವರೂ ಹಾಗೆಯೇ ಹೇಳುತ್ತಾರೆ. ಏನೂ ಇಲ್ಲದ ಜಾಗಕ್ಕೆ ಎಳೆಯುವ ಕೈ ಎಲ್ಲಿಂದ ಬರಬೇಕು! ಸರಿಯಾದ ಉತ್ತರವನ್ನು ಊರ ಜನರ ಕಣ್ಣಮುಂದೆ ಕುದುರೆ ಕಟ್ಟಿ ತೋರಿಸಿದವನು ಆಟೋ ಫಾನ್ ಗೆರಿಕೆ. ಆತ ವೃತ್ತಿಯಿಂದ ವಿಜ್ಞಾನಿಯಲ್ಲ, ಒಂದು ನಗರದ ಮೇಯರ್.

ಗೆರಿಕೆ ಹುಟ್ಟಿದ್ದು 1602ರ ನವೆಂಬರಿನಲ್ಲಿ, ಇಂದಿನ ಜರ್ಮನಿಯ ಮ್ಯಾಗ್ಡೆಬರ್ಗ್ ನಗರದಲ್ಲಿ. ಎಲ್ಬ್ ನದಿಯ ದಡದ ಈ ಊರಿನಲ್ಲಿ ಅವನದು ಸ್ಥಿತಿವಂತ ಮನೆತನ. ಲೈಪ್‌ಜಿಗ್, ಹೆಲ್ಮ್‌ಸ್ಟೆಟ್ ಮತ್ತು ಯೇನಾ ವಿಶ್ವವಿದ್ಯಾಲಯಗಳಲ್ಲಿ ಕಲಿತ ಮೇಲೆ ಹಾಲೆಂಡಿನ ಲೈಡನ್‌ಗೆ ಹೋಗಿ ಗಣಿತ ಮತ್ತು ಕೋಟೆ ಕಟ್ಟುವ ವಿದ್ಯೆಯನ್ನು ಅಭ್ಯಾಸ ಮಾಡಿದ. ಊರಿಗೆ ಮರಳಿ 1626ರಲ್ಲಿ ಮದುವೆಯಾದ. ನಗರಸಭೆಯ ಸದಸ್ಯನೂ ಆದ.

ಆಗ ಯೂರೋಪಿನಲ್ಲಿ 1618ರಲ್ಲಿ ಆರಂಭವಾದ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು. 1631ರ ಮೇ ತಿಂಗಳಲ್ಲಿ ಚಕ್ರವರ್ತಿಯ ಸೈನ್ಯ ಮ್ಯಾಗ್ಡೆಬರ್ಗಿಗೆ ನುಗ್ಗಿ ಕೊಳ್ಳೆ ಹೊಡೆಯಿತು. ನಗರಕ್ಕೆ ಬೆಂಕಿ ಬಿತ್ತು. ಊರಲ್ಲಿದ್ದ ಸುಮಾರು 25,000 ಜನರಲ್ಲಿ 20,000ದಷ್ಟು ಮಂದಿ ಸತ್ತರು. ಗೆರಿಕೆಯ ಮನೆ, ಆಸ್ತಿ ಎಲ್ಲ ಹೋದವು. ಕುಟುಂಬದೊಡನೆ ಜೀವ ಉಳಿದದ್ದೇ ದೊಡ್ಡದು. ಸೆರೆ ಸಿಕ್ಕಿ, ಹಣ ತೆತ್ತು ಬಿಡಿಸಿಕೊಳ್ಳಬೇಕಾಯಿತು. ಕೆಲಕಾಲ ಸ್ವೀಡನ್ ಸೈನ್ಯದಲ್ಲಿ ಎಂಜಿನಿಯರ್ ಆಗಿ ದುಡಿದು, 1632ರಲ್ಲಿ ಸುಟ್ಟ ಊರಿಗೆ ಹಿಂತಿರುಗಿದ. ನಗರವನ್ನು ಮತ್ತೆ ಕಟ್ಟಲು ನಕ್ಷೆ ತಯಾರಿಸಿದವನು ಅವನೇ. ಕಲಿತಿದ್ದ ಕೋಟೆಯ ಗಣಿತ ಈಗ ಬೀದಿ, ಸೇತುವೆಗಳ ಕೆಲಸಕ್ಕೆ ಬಂತು. 1646ರಲ್ಲಿ ಮೇಯರ್ ಆಗಿ ಆಯ್ಕೆಯಾದ. ಊರಿನ ಪರವಾಗಿ ರಾಜರ ಆಸ್ಥಾನಗಳಿಗೂ ಶಾಂತಿ ಮಾತುಕತೆಗಳಿಗೂ ಮತ್ತೆ ಮತ್ತೆ ಅಲೆದ. ಅವನ ಪ್ರಯೋಗಗಳೆಲ್ಲ ಈ ಓಡಾಟದ ನಡುವೆ ಬಿಡುವು ಮಾಡಿಕೊಂಡು ನಡೆಸಿದವು ಎಂಬುದನ್ನು ಮರೆಯಬಾರದು.

ಅವನ ತಲೆಯನ್ನು ಕೊರೆಯುತ್ತಿದ್ದ ಪ್ರಶ್ನೆ ಆಕಾಶದ್ದು. ಭೂಮಿಯೂ ಒಂದು ಗ್ರಹ, ಅದು ಸೂರ್ಯನನ್ನು ಸುತ್ತುತ್ತದೆ ಎಂಬ ಕೊಪರ್ನಿಕಸ್‌ನ ವಾದ ಅವನಿಗೆ ಒಪ್ಪಿಗೆಯಾಗಿತ್ತು. ಹಾಗಾದರೆ ಗ್ರಹಗಳ ನಡುವೆ ಏನಿದೆ? ಪೂರ್ತಿ ಖಾಲಿ ಜಾಗ ಇರಲು ಸಾಧ್ಯವೇ ಇಲ್ಲ ಎಂಬುದು ಅರಿಸ್ಟಾಟಲ್‌ನ ಕಾಲದಿಂದ ಬಂದ ನಂಬಿಕೆ. ಗೆರಿಕೆಯ ಕಾಲದವನೇ ಆದ ಡೆಕಾರ್ಟ್ ಕೂಡ ನಿರ್ವಾತ ಅಸಾಧ್ಯ ಎನ್ನುತ್ತಿದ್ದ. ಬರೀ ವಾದದಿಂದ ಇದು ತೀರುವಂಥದಲ್ಲ, ಖಾಲಿ ಜಾಗವನ್ನು ಮಾಡಿಯೇ ನೋಡಬೇಕು ಎಂದು ಗೆರಿಕೆ ಹೊರಟ.

ಮೊದಲು ಒಂದು ಮರದ ಪೀಪಾಯಿ ತಂದ. ಸಂದುಗಳನ್ನೆಲ್ಲ ಮುಚ್ಚಿ ಅದರ ತುಂಬ ನೀರು ತುಂಬಿಸಿದ. ಬೆಂಕಿ ಆರಿಸಲು ಬಳಸುವಂಥ ಹಿತ್ತಾಳೆಯ ಪಂಪನ್ನು ತಳಕ್ಕೆ ಜೋಡಿಸಿ ನೀರನ್ನು ಹೊರಗೆಳೆಸಿದ. ನೀರು ಹೋದರೆ ಉಳಿಯುವುದು ಖಾಲಿ ಜಾಗ ತಾನೆ? ಆದರೆ ಪೀಪಾಯಿಯೊಳಗಿಂದ ಸುಯ್‌ಗುಡುವ ಸದ್ದು ಕೇಳಿಸಿತು. ಮರದ ಮೂಲಕವೇ ಗಾಳಿ ಒಳಗೆ ನುಗ್ಗುತ್ತಿತ್ತು. ಆ ಪೀಪಾಯಿಯನ್ನು ಇನ್ನೊಂದು ದೊಡ್ಡ ಪೀಪಾಯಿಯ ನೀರಿನಲ್ಲಿ ಮುಳುಗಿಸಿ ಪ್ರಯತ್ನಿಸಿದ. ಆಗಲೂ ಸೋರಿಕೆ ನಿಲ್ಲಲಿಲ್ಲ.

ಮರವೆಂದರೆ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಬೇರಿನಿಂದ ನೀರು ಏರುವ ದಾರಿಗಳವು. ಮರ ಒಣಗಿದ ಮೇಲೆ ಅದೇ ದಾರಿಯಲ್ಲಿ ಗಾಳಿ ಓಡಾಡುತ್ತದೆ. ನಿರ್ವಾತ ಚಕ್ ಜೋಡಿಸುವವರನ್ನೂ ಕಾಡುವುದು ಇದೇ ತೊಂದರೆ. ಆದ್ದರಿಂದ ಅವರು ಮೊದಲು ಚಕ್ಕಿನ ಬಾಯಿಗೆ ಗಾಳಿ ತೂರದ ಚಪ್ಪಟೆ ಹಲಗೆಯೊಂದನ್ನು ಇಟ್ಟು ಪಂಪು ಓಡಿಸಿ ಗೇಜು ನೋಡುತ್ತಾರೆ. ಅದು ಆ ಸಲಕರಣೆ ಕೊಡಬಲ್ಲ ಅತಿ ಹೆಚ್ಚಿನ ನಿರ್ವಾತ. ಆಮೇಲೆ ಮರದ ಬಟ್ಟಲನ್ನು ಇಟ್ಟಾಗ ಮುಳ್ಳು ಎಷ್ಟು ಹಿಂದೆ ಬಂತು ಎಂಬುದರಿಂದ ಮರ ಎಷ್ಟು ಸೋರುತ್ತಿದೆ ಎಂದು ತಿಳಿಯುತ್ತದೆ. ತುಂಬಾ ಸೋರುವ ಮರಕ್ಕೆ ಹೆಚ್ಚು ಗಾಳಿ ಎಳೆಯುವ ಪಂಪು ಬೇಕು, ಇಲ್ಲವೇ ಮೆರುಗೆಣ್ಣೆ ಬಳಿದು ರಂಧ್ರ ಮುಚ್ಚಬೇಕು.

ಗೆರಿಕೆ ಮರವನ್ನೇ ಕೈಬಿಟ್ಟ. ತಾಮ್ರದ ದೊಡ್ಡ ಗೋಳ ಮಾಡಿಸಿದ. ಈ ಸಲ ನೀರು ತುಂಬಿಸದೆ ನೇರವಾಗಿ ಗಾಳಿಯನ್ನೇ ಹೊರತೆಗೆಯಲು ತೊಡಗಿದ. ಪಂಪಿನ ಕೊಂತವನ್ನು ಎಳೆಯುವುದು ಕ್ರಮೇಣ ಗಟ್ಟಿಮುಟ್ಟಾದ ಆಳುಗಳಿಗೂ ಕಷ್ಟವಾಯಿತು. ಗಾಳಿಯೆಲ್ಲ ಹೋಯಿತೆನ್ನುವಷ್ಟರಲ್ಲಿ ಭಾರೀ ಸದ್ದಿನೊಂದಿಗೆ ಗೋಳ ಒಳಕ್ಕೆ ಮುದ್ದೆಯಾಯಿತು! ನೋಡುತ್ತಿದ್ದವರು ಬೆಚ್ಚಿಬಿದ್ದರು. ಗೋಳ ಸರಿಯಾಗಿ ದುಂಡಗಿರಲಿಲ್ಲ, ಅದೇ ಕಾರಣವೆಂದು ಗೆರಿಕೆ ತರ್ಕಿಸಿದ. ದುಂಡಗಿನ ಪಾತ್ರೆಯಲ್ಲಿ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಎಲ್ಲಾದರೂ ಚಪ್ಪಟೆಯಾಗಿದ್ದರೆ ಅಲ್ಲಿಂದಲೇ ಕುಸಿತ ಶುರು. ಇನ್ನೂ ದುಂಡಗಿನ ಗೋಳ ಮಾಡಿಸಿದ. ಅದು ತಡೆದುಕೊಂಡಿತು. ಬಿರಡೆ ತಿರುಗಿಸಿದಾಗ ಗಾಳಿ ಎಷ್ಟು ರಭಸದಿಂದ ಒಳನುಗ್ಗಿತೆಂದರೆ ಒಳಗೆ ಏನೂ ಇರಲಿಲ್ಲವೆಂದು ಯಾರಿಗೂ ಹೇಳಬೇಕಾಗಲಿಲ್ಲ. ಇದೆಲ್ಲ ನಡೆದದ್ದು 1650ರ ಆಸುಪಾಸಿನಲ್ಲಿ.

ಈ ಪಂಪಿನಿಂದ ಅವನು ಮಾಡಿದ ಪ್ರಯೋಗಗಳು ಹಲವು. ನಿರ್ವಾತದಲ್ಲಿ ಗಂಟೆಯ ಸದ್ದು ಕೇಳಿಸುವುದಿಲ್ಲ, ಮೇಣದಬತ್ತಿ ಆರಿಹೋಗುತ್ತದೆ. ಪಾತ್ರೆಯನ್ನು ಗಾಳಿ ತೆಗೆಯುವ ಮೊದಲು ಮತ್ತು ತೆಗೆದ ಮೇಲೆ ತೂಗಿ ಗಾಳಿಗೂ ತೂಕವಿದೆಯೆಂದು ತೋರಿಸಿದ. 1654ರಲ್ಲಿ ಊರಿನ ಕೆಲಸಕ್ಕಾಗಿ ರೇಗನ್ಸ್‌ಬರ್ಗ್‌ಗೆ ಹೋದಾಗ ಚಕ್ರವರ್ತಿ ಮೂರನೆಯ ಫರ್ಡಿನಾಂಡ್‌ನ ಮುಂದೆ ಪಂಪಿನ ಪ್ರಯೋಗಗಳನ್ನು ಪ್ರದರ್ಶಿಸಿದ. ಇಟಲಿಯ ಟಾರಿಚೆಲ್ಲಿ ಇದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಪಾದರಸದ ಕೊಳವೆಯಿಂದ ವಾಯುವಿನ ಒತ್ತಡವನ್ನು ಅಳೆದಿದ್ದ ಎಂಬ ಸುದ್ದಿ ಗೆರಿಕೆಗೆ ತಿಳಿದದ್ದೂ ಅಲ್ಲಿಯೇ.

ಅವನ ಹೆಸರನ್ನು ಮನೆಮಾತು ಮಾಡಿದ ಪ್ರಯೋಗ ನಡೆದದ್ದು 1657ರಲ್ಲಿ, ಸ್ವಂತ ಊರಿನಲ್ಲಿ. ಸುಮಾರು ಅರ್ಧ ಮೀಟರ್ ಅಗಲದ ಎರಡು ತಾಮ್ರದ ಅರ್ಧಗೋಳಗಳು. ಅವುಗಳ ನಡುವೆ ಮೇಣ ಮತ್ತು ಟರ್ಪೆಂಟೈನ್‌ನಲ್ಲಿ ನೆನೆಸಿದ ಚರ್ಮದ ಉಂಗುರ. ಎರಡನ್ನೂ ಜೋಡಿಸಿ ಒಳಗಿನ ಗಾಳಿಯನ್ನು ತೆಗೆದ. ಆಚೆಗೆ ಎಂಟು, ಈಚೆಗೆ ಎಂಟು, ಒಟ್ಟು 16 ಕುದುರೆಗಳನ್ನು ಕಟ್ಟಿ ಎಳೆಸಿದ. ಅರ್ಧಗೋಳಗಳು ಸುಲಭಕ್ಕೆ ಬಿಡಲಿಲ್ಲ. ಬಿರಡೆ ತೆರೆದು ಗಾಳಿ ಬಿಟ್ಟರೆ ಮಾತ್ರ ಬರಿಗೈಯಲ್ಲೇ ಬೇರೆಯಾಗುತ್ತಿದ್ದವು. 1663ರಲ್ಲಿ ಬರ್ಲಿನ್ನಿನಲ್ಲಿ ಇದನ್ನೇ 24 ಕುದುರೆಗಳಿಂದ ಮಾಡಿ ತೋರಿಸಿದ.

ಲೆಕ್ಕ ಹಾಕಿ ನೋಡೋಣ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಗಾಳಿ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಒತ್ತುತ್ತದೆ. 50 ಸೆಂಟಿಮೀಟರ್ ವ್ಯಾಸದ ವೃತ್ತದ ವಿಸ್ತೀರ್ಣ ಸುಮಾರು 1,960 ಚದರ ಸೆಂಟಿಮೀಟರ್. ಹಾಗಾದರೆ ಪೂರ್ತಿ ನಿರ್ವಾತವಾದಾಗ ಅರ್ಧಗೋಳಗಳನ್ನು ಒಂದಕ್ಕೊಂದು ಒತ್ತಿ ಹಿಡಿದ ಬಲ ಎರಡು ಟನ್ನಿನಷ್ಟು! ನಮ್ಮ ಅಂಗೈ ಮೇಲೂ ಗಾಳಿ ಹೀಗೆಯೇ ಒತ್ತುತ್ತಿದೆ. ಕೆಳಗಿನಿಂದಲೂ ಅಷ್ಟೇ ಒತ್ತುವುದರಿಂದ ನಮಗೆ ತಿಳಿಯುವುದಿಲ್ಲ. ಅಂದ ಹಾಗೆ, ಒಂದು ಕಡೆಯ ಹಗ್ಗವನ್ನು ಗಟ್ಟಿ ಮರಕ್ಕೆ ಕಟ್ಟಿ ಇನ್ನೊಂದು ಕಡೆ ಎಂಟೇ ಕುದುರೆಗಳಿಂದ ಎಳೆಸಿದ್ದರೂ ಬಲ ಅಷ್ಟೇ ಇರುತ್ತಿತ್ತು. ಮರ ಎಂಟು ಕುದುರೆಗಳಷ್ಟೇ ಬಲದಿಂದ ಹಿಂದಕ್ಕೆ ಹಿಡಿಯುತ್ತದಲ್ಲ! ಆದರೆ ಮೈದಾನದಲ್ಲಿ ನೆರೆದ ಜನಕ್ಕೆ 16 ಕುದುರೆಗಳೇ ಚೆನ್ನ. ಮೇಯರ್‌ಗೆ ಜನರ ಮನಸ್ಸು ಗೊತ್ತಿತ್ತು ಎಂದು ನನ್ನ ಊಹೆ.

ಅದೇ ಲೆಕ್ಕವನ್ನು ನಿರ್ವಾತ ಚಕ್ಕಿಗೆ ಅನ್ವಯಿಸಿ. ಉಂಗುರದ ವ್ಯಾಸ 15 ಸೆಂಟಿಮೀಟರ್, ಒಳಗಿನ ಗಾಳಿಯಲ್ಲಿ ಮೂರನೇ ಎರಡು ಪಾಲು ತೆಗೆದಿದೆ ಎಂದರೆ ಬಟ್ಟಲನ್ನು ಒತ್ತಿ ಹಿಡಿಯುವ ಬಲ ಸುಮಾರು 120 ಕಿಲೋಗ್ರಾಂ ತೂಕದಷ್ಟು. ಉಂಗುರದ ವ್ಯಾಸ ಅರ್ಧವಾದರೆ ಬಲ ಅರ್ಧವಲ್ಲ, ಕಾಲು ಭಾಗ, ಅಂದರೆ ಸುಮಾರು 30 ಕಿಲೋಗ್ರಾಂ. ಎಷ್ಟೇ ಒಳ್ಳೆಯ ಪಂಪು ತಂದರೂ ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚು ಬಲ ಸಿಗುವುದಿಲ್ಲ, ಏಕೆಂದರೆ ಒತ್ತುತ್ತಿರುವುದು ಪಂಪಲ್ಲ, ಗಾಳಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತನೇ ಒಂದು ಪಾಲಿನಷ್ಟು ಕಡಿಮೆ. ಅಲ್ಲಿ ಚಕ್ಕಿನ ಹಿಡಿತದ ಮಿತಿಯೂ ಅಷ್ಟು ಕಡಿಮೆ.

ಪಂಪಿನಿಂದ ಬರುವ ಕೊಳವೆ ಲೇತಿನ ಜೊತೆ ತಿರುಗಿದರೆ ಸುತ್ತಿಕೊಂಡು ಹರಿದುಹೋಗುತ್ತದೆ. ಅದಕ್ಕೇ ಲೇತಿನ ಟೊಳ್ಳು ಸ್ಪಿಂಡಲಿನ ಹಿಂಬದಿಗೆ ಬೇರಿಂಗ್ ಇರುವ ಕೂಡುಭಾಗವೊಂದನ್ನು ಹಾಕುತ್ತಾರೆ. ಸ್ಪಿಂಡಲ್ ತಿರುಗಿದರೂ ಕೊಳವೆ ನಿಂತಲ್ಲೇ ಇರುತ್ತದೆ. ನಡುವೆ ಮರದ ಪುಡಿ ತಡೆಯಲು ಒಂದು ಫಿಲ್ಟರ್, ಒತ್ತಡ ತೋರಿಸುವ ಗೇಜು, ಬೇಕೆಂದಾಗ ಹೊರಗಾಳಿಯನ್ನು ಸ್ವಲ್ಪ ಒಳಬಿಡುವ ಒಂದು ವಾಲ್ವ್. ಈ ವಾಲ್ವ್ ಇಲ್ಲದಿದ್ದರೆ ತೆಳುವಾದ ಬಟ್ಟಲಿಗೆ ಗೆರಿಕೆಯ ಮೊದಲ ತಾಮ್ರದ ಗೋಳದ ಗತಿಯೇ ಬರುತ್ತದೆ. ಬಟ್ಟಲಿನಲ್ಲಿ ಸಣ್ಣ ಬಿರುಕಿದ್ದರಂತೂ ಚಕ್ಕಿಗೆ ಹಾಕಲೇಬಾರದು. ಇನ್ನೊಂದು ಎಚ್ಚರಿಕೆ: ಕೆಲಸದ ನಡುವೆ ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಸೋರಿದ ಗಾಳಿ ಒಳಗೆ ತುಂಬುತ್ತದೆ, ಇನ್ನೂ ತಿರುಗುತ್ತಿರುವ ಬಟ್ಟಲು ಹಾರಿಬರುತ್ತದೆ. ಆದ್ದರಿಂದ ಆದಷ್ಟು ಹೊತ್ತು ಎದುರಿನ ಟೇಲ್‌ಸ್ಟಾಕ್‌ನ ಆಸರೆಯನ್ನು ಬಟ್ಟಲಿಗೆ ಕೊಟ್ಟೇ ಇಟ್ಟುಕೊಳ್ಳುತ್ತಾರೆ. ಇದು ದೊಡ್ಡವರ ಕೆಲಸ. ನೀವು ಶಾಲೆಯಲ್ಲಿ ಮಾಡುವುದಾದರೆ ಗೋಡೆಗೆ ಅಂಟಿಸುವ ಎರಡು ರಬ್ಬರ್ ಬಟ್ಟಲುಗಳ ಅಂಚನ್ನು ಒದ್ದೆ ಮಾಡಿ ಒಂದಕ್ಕೊಂದು ಒತ್ತಿ ಎಳೆದು ನೋಡಿ. ಆಮೇಲೆ ಅಂಚಿನಲ್ಲಿ ಒಂದು ದಾರ ಇಟ್ಟು ಒತ್ತಿ. ಎರಡನೆಯ ಸಲ ಏನಾಯಿತು?

ಸೋರಿಕೆಯ ಜೊತೆ ಗೆರಿಕೆಯ ಹೋರಾಟ ಮುಗಿಯಲೇ ಇಲ್ಲ. ಮುಂದೆ ಮಾಡಿಸಿದ ಪಂಪುಗಳಲ್ಲಿ ಕೂಡುವ ಜಾಗಗಳನ್ನು ನೀರಿನಲ್ಲಿ ಮುಳುಗಿಸಿಟ್ಟ. ಮನೆಯ ಗೋಡೆಗೆ ಹತ್ತು ಮೀಟರಿಗಿಂತ ಎತ್ತರದ ನೀರಿನ ಕೊಳವೆ ನಿಲ್ಲಿಸಿದ. ಅದರ ಮೇಲ್ತುದಿಯ ನೀರಿನಲ್ಲಿ ತೇಲುವ ಪುಟ್ಟ ಮರದ ಬೊಂಬೆ ಗಾಳಿಯ ಒತ್ತಡ ಏರಿದಂತೆ ಏರುತ್ತಿತ್ತು, ಇಳಿದಂತೆ ಇಳಿಯುತ್ತಿತ್ತು. 1660ರಲ್ಲಿ ಬೊಂಬೆ ತೀರ ಕೆಳಗೆ ಜಾರಿದ್ದನ್ನು ಕಂಡು ಬಿರುಗಾಳಿ ಬರಲಿದೆಯೆಂದು ಹೇಳಿದ. ಬಿರುಗಾಳಿ ಬಂತು ಕೂಡ. ಗಂಧಕದ ಉಂಡೆಯನ್ನು ತಿರುಗಿಸಿ, ಒಣ ಕೈಯಿಂದ ಉಜ್ಜಿ, ಗರಿ ಮತ್ತು ಕಾಗದದ ಚೂರುಗಳನ್ನು ಸೆಳೆಯುವಂತೆ ಮಾಡಿದ್ದೂ ಅವನೇ. ಆ ಕಥೆ ಇನ್ನೊಮ್ಮೆ.

ಗ್ಯಾಸ್ಪರ್ ಶಾಟ್ ಎಂಬ ವಿದ್ವಾಂಸ 1657ರ ತನ್ನ ಪುಸ್ತಕದಲ್ಲಿ ಈ ಪಂಪನ್ನು ವರ್ಣಿಸಿದ. ಅದನ್ನು ತಿಳಿದ ರಾಬರ್ಟ್ ಬಾಯ್ಲ್ ಇಂಗ್ಲೆಂಡಿನಲ್ಲಿ ರಾಬರ್ಟ್ ಹುಕ್‌ನ ನೆರವಿನಿಂದ ಇನ್ನೂ ಉತ್ತಮವಾದ ಪಂಪು ಮಾಡಿಸಿದ. ಗೆರಿಕೆಯ ಸ್ವಂತ ಪುಸ್ತಕ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದದ್ದು 1672ರಲ್ಲಿ, ಅವನಿಗೆ 69 ವಯಸ್ಸಾಗಿದ್ದಾಗ. ಅದಕ್ಕೂ ಮೊದಲು, 1666ರಲ್ಲಿ, ಚಕ್ರವರ್ತಿ ಅವನಿಗೆ ಕುಲೀನ ಪದವಿ ನೀಡಿದ್ದ. ಹೆಸರಿನ ನಡುವಿನ ಫಾನ್ ಬಂದದ್ದು ಹಾಗೆ.

ಮೂರು ದಶಕಗಳ ಮೇಯರಿಕೆಯ ನಂತರ 1678ರಲ್ಲಿ ಆತ ಅಧಿಕಾರ ಬಿಟ್ಟ. 1681ರಲ್ಲಿ ಊರಿಗೆ ಪ್ಲೇಗು ಬಂದಾಗ ಹ್ಯಾಂಬರ್ಗಿನಲ್ಲಿದ್ದ ಮಗನ ಮನೆಗೆ ಹೋದ. 1686ರ ಮೇ ತಿಂಗಳಲ್ಲಿ ಅಲ್ಲಿಯೇ ತೀರಿಕೊಂಡ. 1993ರಲ್ಲಿ ಸ್ಥಾಪನೆಯಾದ ಮ್ಯಾಗ್ಡೆಬರ್ಗಿನ ವಿಶ್ವವಿದ್ಯಾಲಯಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಅವನ ಮೂಲ ಪಂಪು ಮತ್ತು ತಾಮ್ರದ ಅರ್ಧಗೋಳಗಳು ಮ್ಯೂನಿಕ್‌ನ ಡಾಯ್ಚಸ್ ವಸ್ತುಸಂಗ್ರಹಾಲಯದಲ್ಲಿವೆ.